ಗೂನೂ ಗುಮಾನಿಯೂ: ‘ಹಂಚ್’ ಪದದ ಬೆನ್ನು ಹತ್ತಿದ ನನ್ನ ಅನುಭವ

ಪತ್ತೇದಾರಿ ಕಾದಂಬರಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದಾಗ ನಾನು ಮಾಡಿದ ಎರಡು ತಪ್ಪುಗಳು ಒಂದೇ ಪುಟದಲ್ಲಿದ್ದವು. ಕಳ್ಳನ ಮೇಲೆ ಎರಗಲು ಕಾಂಪೌಂಡ್ ಗೋಡೆಯ ಹಿಂದೆ ‘ಕ್ರೌಚ್’ ಮಾಡಿ ಕಾಯುತ್ತಿದ್ದ ಪೊಲೀಸ್ ಅಧಿಕಾರಿಯನ್ನು ನಾನು ‘ಮುದುಡಿ ಕುಳಿತಿದ್ದ’ ಎಂದು ಬರೆದಿದ್ದೆ. ಅದೇ ಅಧಿಕಾರಿಗೆ ಮನೆಯ ಮಾಲಿಯ ಮೇಲೆ ಉಂಟಾದ ‘ಹಂಚ್’ ಅನ್ನು, ನಿಘಂಟನ್ನು ನಂಬಿ, ‘ಅಂತಃಪ್ರಜ್ಞೆ’ ಎಂದು ಮಾಡಿದ್ದೆ. ಹಸ್ತಪ್ರತಿಯನ್ನು ಓದಿದ ಹಿರಿಯ ಸಂಪಾದಕರು ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಯನ್ನಷ್ಟೇ ಬರೆದು ಕಳುಹಿಸಿದರು: ‘ಈತ ಹೆದರಿದವನೋ, ತಪಸ್ವಿಯೋ?’

ಆ ಪೆನ್ಸಿಲ್ ಗುರುತನ್ನು ಅಳಿಸಿ ಬೇರೆರಡು ಪದಗಳನ್ನು ಹಾಕಿ ಮುಂದೆ ಹೋಗಬಹುದಾಗಿತ್ತು. ಆದರೆ ಇಷ್ಟು ವರ್ಷ ಸಮಾನಾರ್ಥಕಗಳೆಂದು ತಿಳಿದು ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸುತ್ತಾ ಬಂದ ಹತ್ತಿಪ್ಪತ್ತು ಇಂಗ್ಲಿಷ್ ಪದಗಳ ನಡುವಿನ ವ್ಯತ್ಯಾಸ ನನಗೆ ನಿಜವಾಗಿ ಗೊತ್ತಿಲ್ಲವೆಂಬುದು ಅಂದು ಖಚಿತವಾಯಿತು. ಒಂದು ನೂರು ಪುಟದ ನೋಟ್‌ಬುಕ್ಕನ್ನು ಎರಡು ಭಾಗ ಮಾಡಿ, ಮೊದಲರ್ಧವನ್ನು ಮೈ ಬಾಗುವ ಪದಗಳಿಗೂ ಉಳಿದರ್ಧವನ್ನು ಕಾರಣವಿಲ್ಲದೆ ಮನಸ್ಸಿಗೆ ಹೊಳೆಯುವ ಸಂಗತಿಗಳ ಪದಗಳಿಗೂ ಮೀಸಲಿಟ್ಟೆ. ‘ಹಂಚ್’ ಮಾತ್ರ ಎರಡೂ ಕಡೆ ಬಂತು. ನಾಮಪದವಾದಾಗ ಅದು ಗುಮಾನಿ, ಕ್ರಿಯಾಪದವಾದಾಗ ಬೆನ್ನು ಗೂನಾಗಿಸುವುದು.

ಮೈಯ ಪದಗಳಿಂದ ಆರಂಭಿಸಿದ್ದಕ್ಕೆ ಕಾರಣವಿದೆ. ಅವನ್ನು ಮಾಡಿ ನೋಡಬಹುದು. ಮೊದಲು ನಿಘಂಟುಗಳನ್ನು ಹರಡಿಕೊಂಡು ಕುಳಿತೆನಾದರೂ, ಒಂದು ಪದಕ್ಕೆ ಇನ್ನೊಂದನ್ನು, ಆ ಇನ್ನೊಂದಕ್ಕೆ ಮತ್ತೆ ಮೊದಲನೆಯದನ್ನೇ ಅರ್ಥವಾಗಿ ಕೊಡುವ ಅವುಗಳ ಸುತ್ತಾಟದಿಂದ ಬೇಸತ್ತು, ನಿಲುವುಗನ್ನಡಿಯ ಮುಂದೆ ನಿಂತೆ. ಪ್ರತಿಯೊಂದು ಪದಕ್ಕೂ ಮೂರು ಪ್ರಶ್ನೆಗಳನ್ನು ಕೇಳಿಕೊಂಡೆ: ಬಗ್ಗುವುದು ಯಾವ ಕೀಲು, ಮೈಭಾರ ಎಲ್ಲಿ ಬೀಳುತ್ತದೆ, ಬಗ್ಗಿದ್ದು ಏತಕ್ಕೆ. ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು.

‘ಬೆಂಡ್’ ಎಲ್ಲಕ್ಕೂ ಹಿರಿಯ, ಎಲ್ಲಕ್ಕೂ ಸಲ್ಲುವ ಪದ. ಮೊಣಕಾಲಾದರೂ ಸರಿ, ಸೊಂಟವಾದರೂ ಸರಿ, ಕಬ್ಬಿಣದ ಸರಳಾದರೂ ಸರಿ. ‘ಸ್ಟೂಪ್’ ಎಂದರೆ ಮೈಯ ಮೇಲರ್ಧ ಮುಂದಕ್ಕೂ ಕೆಳಕ್ಕೂ ಬರಬೇಕು. ಹಳೆಯ ತೊಟ್ಟಿಮನೆಯ ಗಿಡ್ಡ ಬಾಗಿಲನ್ನು ದಾಟುವ ಎತ್ತರದ ಮನುಷ್ಯ ಮಾಡುವುದು ಅದನ್ನೇ. ವಯಸ್ಸಾದವರ ಬೆನ್ನು ಹಾಗೆಯೇ ನಿಂತುಬಿಟ್ಟಾಗಲೂ ಇಂಗ್ಲಿಷಿನವರು ಅದೇ ಪದವನ್ನು ಬಳಸುತ್ತಾರೆ. ಹೀನ ಕೆಲಸಕ್ಕೆ ಕೈಹಾಕಿದವನನ್ನು ಕುರಿತೂ ಅವರು ‘ಸ್ಟೂಪ್’ ಎನ್ನುತ್ತಾರೆ, ಆದರೆ ನಾವು ಅಲ್ಲಿ ಬಗ್ಗುವುದಿಲ್ಲ, ‘ಅಷ್ಟು ಕೀಳುಮಟ್ಟಕ್ಕೆ ಇಳಿಯುತ್ತೇವೆ’. ‘ಹಂಚ್’ನಲ್ಲಿ ಸೊಂಟಕ್ಕೆ ಕೆಲಸವೇ ಇಲ್ಲ. ಭುಜಗಳು ಮೇಲೇರಿ ಮುಂದಕ್ಕೆ ಬರುತ್ತವೆ, ಬೆನ್ನಿನ ಮೇಲ್ಭಾಗ ದುಂಡಗಾಗುತ್ತದೆ. ಚಳಿಯಲ್ಲಿ ಬಸ್ಸಿಗೆ ಕಾಯುವವನೂ, ಮಂದ ದೀಪದಡಿ ಲೆಕ್ಕದ ಪುಸ್ತಕ ನೋಡುವವನೂ, ಈಗ ಮೊಬೈಲಿನಲ್ಲಿ ಇದನ್ನು ಓದುತ್ತಿರುವವರಲ್ಲಿ ಕೆಲವರೂ ಆ ಭಂಗಿಯಲ್ಲಿರುತ್ತಾರೆ.

‘ಸ್ಕ್ವಾಟ್’ ಮತ್ತು ‘ಕ್ರೌಚ್’ ನನ್ನನ್ನು ಬಹಳ ದಿನ ಕಾಡಿದವು. ಎರಡರಲ್ಲೂ ಮೊಣಕಾಲು ಮಡಚುತ್ತದೆ, ಎರಡರಲ್ಲೂ ಮೈ ನೆಲಕ್ಕೆ ಹತ್ತಿರವಾಗುತ್ತದೆ. ಕೊನೆಗೆ ಇದನ್ನು ಬಿಡಿಸಿಕೊಟ್ಟದ್ದು ಟಿವಿಯಲ್ಲಿ ಬರುತ್ತಿದ್ದ ಕ್ರಿಕೆಟ್ ಟೆಸ್ಟ್ ಪಂದ್ಯ. ಸ್ಪಿನ್ ಬೌಲಿಂಗಿಗೆ ವಿಕೆಟ್ ಕೀಪರ್ ಕುಳಿತಿದ್ದಾನಲ್ಲ, ಅದು ‘ಸ್ಕ್ವಾಟ್’, ನಮ್ಮ ಕುಕ್ಕರಗಾಲು. ಪೃಷ್ಠ ಹಿಮ್ಮಡಿಯ ಸಮೀಪಕ್ಕೆ ಇಳಿದಿದೆ, ಭಾರ ಕಾಲಿನ ಮೇಲೆ ನೆಲೆಗೊಂಡಿದೆ. ಬ್ಯಾಟ್ಸ್‌ಮನ್ನಿನ ಪಕ್ಕದಲ್ಲೇ ಶಾರ್ಟ್ ಲೆಗ್‌ನಲ್ಲಿ ನಿಂತವನದು ‘ಕ್ರೌಚ್’. ಅವನು ಪೂರ್ತಿ ಕೂತಿಲ್ಲ, ಪೂರ್ತಿ ನಿಂತೂ ಇಲ್ಲ. ಚೆಂಡು ಯಾವ ಕಡೆ ಹಾರಿದರೂ ನೆಗೆಯುವುದಕ್ಕೆ ಭಾರವನ್ನೆಲ್ಲ ಮುಂಗಾಲಿಗೆ ತಂದುಕೊಂಡಿದ್ದಾನೆ. ಕೈಗಳನ್ನು ಮಂಡಿಯ ಮೇಲೂರಿ ಕಾಯುವ ಸ್ಲಿಪ್ ಫೀಲ್ಡರ್ ಬರಿಯ ‘ಬೆಂಡ್’ ಮಾಡಿದ್ದಾನೆ. ಬೌನ್ಸರಿಗೆ ತಲೆ ತಗ್ಗಿಸಿದ ಬ್ಯಾಟ್ಸ್‌ಮನ್ ಮಾಡಿದ್ದು ‘ಡಕ್’. ಕ್ಷಣದ ಕೆಲಸ, ಬರುವುದನ್ನು ತಪ್ಪಿಸಿಕೊಳ್ಳುವ ಬಗ್ಗುವಿಕೆ. (ಇಂಗ್ಲಿಷಿನಲ್ಲಿ ಬಾತುಕೋಳಿಗೆ ಆ ಹೆಸರು ಬಂದದ್ದೇ ಅದು ನೀರಿನಲ್ಲಿ ತಲೆ ಮುಳುಗಿಸುವುದರಿಂದ, ಸೊನ್ನೆಗೆ ಔಟಾದವನ ‘ಡಕ್’ ಮಾತ್ರ ಆ ಹಕ್ಕಿಯ ಮೊಟ್ಟೆಯ ಆಕಾರದಿಂದ ಬಂದದ್ದು.) ಅಂದು ಸಂಜೆಯ ಹೊತ್ತಿಗೆ ಪಂದ್ಯದ ಸ್ಕೋರ್ ಎಷ್ಟೆಂದು ನನಗೆ ತಿಳಿಯದಿದ್ದರೂ ನೋಟ್‌ಬುಕ್ಕಿನ ನಾಲ್ಕು ಪುಟಗಳು ತುಂಬಿದ್ದವು.

ಹೀಗೆ ನೋಡಿದಾಗ ನನ್ನ ಪೊಲೀಸ್ ಅಧಿಕಾರಿಗೆ ಆದ ಅನ್ಯಾಯ ಸ್ಪಷ್ಟವಾಯಿತು. ಹೆದರಿ ಮುದುಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಕೌವರ್’ (cower) ಎಂಬ ಬೇರೆಯೇ ಕ್ರಿಯಾಪದವಿದೆ; ಮುಚ್ಚುವ ಅರ್ಥದ ‘ಕವರ್’ಗಿಂತ ಅದರ ಕಾಗುಣಿತ, ಉಚ್ಚಾರಣೆ ಎರಡೂ ಬೇರೆ. ‘ಕ್ರೌಚ್’ನಲ್ಲಿ ಹೆದರಿಕೆ ಇರಬಹುದು, ಇರದಿರಬಹುದು. ಬೇಟೆಯ ಮುಂದೆ ಬೆಕ್ಕು ಹಾಗೆ ಕುಗ್ಗಿ ನಿಲ್ಲುವಾಗ ಅದು ಹೆದರಿದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ‘ಹೊಂಚು’ ಇಲ್ಲಿ ಸರಿಯಾಗಿ ಕೂರುತ್ತದೆ. ಅದು ‘ಹಂಚ್’ ಎಂಬ ಧ್ವನಿಗೆ ಹತ್ತಿರವಾಗಿರುವುದು ಬರಿಯ ಆಕಸ್ಮಿಕ, ಆದರೆ ನೆನಪಿಟ್ಟುಕೊಳ್ಳಲು ನನಗೆ ಉಪಕಾರವಾಯಿತು.

ಈ ಕೆಲಸದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ನನಗೆ ಹೆಚ್ಚು ಹೊಸದಾಗಿ ಕಂಡಿತು. ‘ಬಗ್ಗು’ ಮತ್ತು ‘ಬಾಗು’ ಒಂದೇ ಎಂದುಕೊಂಡಿದ್ದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುವಲ್ಲಿ ಬಗ್ಗಿಸುವವನೊಬ್ಬನಿದ್ದಾನೆ. ಹಣ್ಣು ತುಂಬಿದ ಕೊಂಬೆ ಬಾಗುವುದು ತನ್ನ ಭಾರದಿಂದ, ತಲೆಬಾಗುವುದು ತನ್ನ ಇಚ್ಛೆಯಿಂದ. ಹಾಗಾಗಿ ಸಭಿಕರ ಮುಂದೆ ನಟ ಮಾಡುವ ‘ಬೌ’ಗೆ ‘ಬಾಗಿದ’ ಎಂದು, ದೊರೆಯ ಮುಂದೆ ಊಳಿಗದವನು ಮಾಡುವ ಅದೇ ‘ಬೌ’ಗೆ ‘ಡೊಗ್ಗು ಸಲಾಮು ಹಾಕಿದ’ ಎಂದು ಬರೆಯುವ ಧೈರ್ಯ ಬಂತು. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದು ಪದವನ್ನು ಗಂಟುಹಾಕಬೇಕೆಂಬ ಹಟವನ್ನು ನಾನು ಬಿಟ್ಟದ್ದು ಅಲ್ಲಿಂದ.

ನೋಟ್‌ಬುಕ್ಕಿನ ಎರಡನೆಯ ಭಾಗ ಇಷ್ಟು ಸುಲಭವಾಗಿರಲಿಲ್ಲ, ಏಕೆಂದರೆ ಮನಸ್ಸಿನ ಮುಂದೆ ಹಿಡಿಯಲು ಕನ್ನಡಿಯಿರಲಿಲ್ಲ. ಇಲ್ಲಿಯೂ ಪ್ರಶ್ನೆಗಳನ್ನೇ ಮಾಡಿಕೊಂಡೆ: ಅನಿಸಿದ್ದು ಮುಂದೆ ಆಗುವುದರ ಬಗೆಗೋ, ಈಗಾಗಲೇ ಇದ್ದು ಮರೆಯಾಗಿರುವುದರ ಬಗೆಗೋ; ಕೆಟ್ಟದ್ದರ ಬಗೆಗೆ ಮಾತ್ರವೋ; ಹೊರಗಿನಿಂದ ಒಂದು ಎಳೆಯಾದರೂ ಸಿಕ್ಕಿದೆಯೋ; ತಪ್ಪಾದರೆ ನಾಚಿಕೆಯೋ. ‘ಇನ್‌ಸ್ಟಿಂಕ್ಟ್’ ಅನ್ನು ಮೊದಲೇ ಪಕ್ಕಕ್ಕಿಟ್ಟೆ. ಆಗತಾನೇ ಹುಟ್ಟಿದ ಕರು ತಡವರಿಸುತ್ತ ಎದ್ದು ಕೆಚ್ಚಲನ್ನು ಹುಡುಕುತ್ತದೆಯಲ್ಲ, ಅದು ತಿಳಿವಲ್ಲ, ಹುಟ್ಟಿನೊಂದಿಗೆ ಬಂದ ನಡೆ. ‘ಇನ್‌ಟ್ಯೂಷನ್’ ಎಂಬುದು ನೋಡುವುದು ಎಂಬರ್ಥದ ಲ್ಯಾಟಿನ್ ಮೂಲದ್ದು. ಹೆಜ್ಜೆ ಹೆಜ್ಜೆಯಾಗಿ ತರ್ಕಿಸದೆ ಒಟ್ಟಿಗೇ ಕಾಣುವ ಶಕ್ತಿ ಅದು. ನಾಡಿ ಮುಟ್ಟುವ ಮೊದಲೇ ರೋಗಿಯ ಸ್ಥಿತಿಯನ್ನು ಅಳೆಯುವ ಅನುಭವಿ ವೈದ್ಯರಿಗೆ ಇರುವಂಥದು. ‘ಹೊಳೆಯಿತು’ ಎಂಬ ನಮ್ಮ ಕ್ರಿಯಾಪದದಲ್ಲೂ ಬೆಳಕು ಮತ್ತು ನೋಟ ಇವೆ ಎಂಬುದು ಸಂತೋಷ ಕೊಟ್ಟಿತು. ‘ಇಂಕ್ಲಿಂಗ್’ ಬಹಳ ಸಣ್ಣದು, ಮೆಲುದನಿಯಲ್ಲಿ ಸೂಚಿಸು ಎಂಬರ್ಥದ ಹಳೆಯ ಪದದಿಂದ ಬಂದದ್ದು. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ನಿಷೇಧದೊಂದಿಗೇ ಕಾಣಿಸಿಕೊಳ್ಳುವುದರಿಂದ ‘ಕಿಂಚಿತ್ತೂ ಸುಳಿವಿರಲಿಲ್ಲ’ ಎಂದರೆ ಮುಗಿಯಿತು.

‘ಪ್ರಿಮನಿಷನ್’ ನನ್ನನ್ನು ಎರಡು ಸಲ ಬೀಳಿಸಿತು. ಅದರ ಲ್ಯಾಟಿನ್ ಭಾಗಗಳನ್ನು ಬಿಡಿಸಿದರೆ ‘ಮುಂಚಿತವಾಗಿ ಎಚ್ಚರಿಸುವುದು’ ಎಂದಾಗುತ್ತದೆ. ಅದನ್ನು ಹಾಗೆಯೇ ಕಟ್ಟಿದರೆ ‘ಮುನ್ನೆಚ್ಚರಿಕೆ’. ಆದರೆ ಕನ್ನಡದಲ್ಲಿ ಮುನ್ನೆಚ್ಚರಿಕೆ ಎಂದರೆ ಮಳೆಗಾಲದ ಮೊದಲು ಚರಂಡಿ ಸ್ವಚ್ಛ ಮಾಡಿಸುವುದು. ಅದನ್ನು ಬಿಟ್ಟು ‘ಮುನ್ಸೂಚನೆ’ ಎಂದು ಬರೆದೆ, ಓದಿದವರಿಗೆ ಹವಾಮಾನ ಇಲಾಖೆ ನೆನಪಾಯಿತು. ಕೊನೆಗೆ ಪದವನ್ನು ಕೈಬಿಟ್ಟು, ಆಗಲಿರುವುದು ಮೊದಲೇ ಕಣ್ಣಿಗೆ ಕಟ್ಟಿತು ಎಂದು ವಾಕ್ಯವನ್ನೇ ಬದಲಿಸಿದೆ. ‘ಫೋರ್‌ಬೋಡಿಂಗ್’ನಲ್ಲಿ ಕಣ್ಣಿಗೆ ಏನೂ ಕಟ್ಟುವುದಿಲ್ಲ; ಏನಾಗುತ್ತದೆಂದು ತಿಳಿಯದು, ಕೆಟ್ಟದ್ದೆಂಬುದು ಮಾತ್ರ ತಿಳಿದಿರುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ರಿಂಗಣಿಸಿದಾಗ ಎದೆಯೊಳಗೆ ಮೂಡುವ ಅಳುಕು ಅದು.

‘ಗಟ್ ಫೀಲಿಂಗ್’ ಬಗೆಗೆ ಒಂದು ಎಚ್ಚರಿಕೆಯ ಮಾತು. ‘ಗಟ್’ ಎಂದರೆ ಕರುಳು ಎಂದು ಹಿಡಿದು, ಹಣ ಹೂಡಲು ಹಿಂಜರಿಯುತ್ತಿದ್ದ ವ್ಯಾಪಾರಿಯೊಬ್ಬನ ಬಾಯಿಂದ ನಾನೊಮ್ಮೆ ‘ನನ್ನ ಕರುಳು ಹೇಳುತ್ತಿದೆ’ ಎಂದು ಹೇಳಿಸಿದ್ದೆ. ಕನ್ನಡದ ಕರುಳು ಷೇರುಪೇಟೆಯ ಬಗೆಗೆ ಏನನ್ನೂ ಹೇಳುವುದಿಲ್ಲ. ಅದು ಹೆತ್ತವರದು, ಮಕ್ಕಳ ಹಸಿವಿಗೆ ಚುರುಕ್ಕೆನ್ನುವುದು. ವ್ಯಾಪಾರಿಗೆ ಹೇಳಬೇಕಾದದ್ದು ಮನಸ್ಸು.

ಹಾಗಾದರೆ ‘ಹಂಚ್’ ಏನು? ಮೂಲದಲ್ಲಿ ಅದು ತಳ್ಳುವುದು, ದೂಡುವುದು; ಬಳಿಕ ಬೆನ್ನಿನ ಗೂನು; ಗುಮಾನಿಯ ಅರ್ಥ ಅಮೆರಿಕದ ಆಡುಮಾತಿನಲ್ಲಿ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಗೂನುಬೆನ್ನಿನವರನ್ನು ಮುಟ್ಟಿದರೆ ಅದೃಷ್ಟ ಖುಲಾಯಿಸುತ್ತದೆಂಬ ಜೂಜುಕೋರರ ಮೂಢನಂಬಿಕೆಯೇ ಈ ಎರಡು ಅರ್ಥಗಳ ನಡುವಿನ ಸೇತುವೆ ಎಂದು ಕೆಲವರು ಹೇಳುತ್ತಾರೆ. ಯಾರೋ ಹಿಂದಿನಿಂದ ಮೆಲ್ಲನೆ ದೂಡಿದಂತಾಗುವ ಚಿತ್ರವೇ ನನಗೆ ಹೆಚ್ಚು ಒಪ್ಪಿಗೆಯಾದರೂ, ಇದು ನನ್ನ ಸ್ವಂತ ‘ಹಂಚ್’, ಪ್ರಮಾಣವಿಲ್ಲ. ಅದೇನೇ ಇರಲಿ, ಇದು ‘ಇನ್‌ಟ್ಯೂಷನ್’ನಂತೆ ಶಕ್ತಿಯಲ್ಲ. ಒಂದೊಂದಾಗಿ ಎಣಿಸಬಹುದಾದ, ಪಣಕ್ಕೊಡ್ಡಬಹುದಾದ, ತಪ್ಪಾದರೆ ನಕ್ಕು ಮರೆಯಬಹುದಾದ ಅನಿಸಿಕೆ. ‘ಅನುಮಾನ’ವೆಂದರೂ ಪೂರ್ತಿ ಸರಿಯಿಲ್ಲ: ಆಡುಮಾತಿನ ಅನುಮಾನದಲ್ಲಿ ಅಪನಂಬಿಕೆ ಬೆರೆತಿದೆ, ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದ ಅನುಮಾನಕ್ಕಂತೂ ಹೊಗೆಯಿಂದ ಬೆಂಕಿಯನ್ನು ತಿಳಿಯುವಂತೆ ಹೇತು, ಅಂದರೆ ಕಾರಣ, ಬೇಕೇ ಬೇಕು.

ಹೇತುವಿಲ್ಲದ ತಿಳಿವಿಗೂ ನಮ್ಮ ಶಾಸ್ತ್ರಕಾರರು ಜಾಗ ಕೊಟ್ಟಿದ್ದಾರೆಂದು ಸಂಸ್ಕೃತ ಬಲ್ಲ ಗೆಳೆಯರೊಬ್ಬರು ತೋರಿಸಿಕೊಟ್ಟರು. ವೈಶೇಷಿಕ ದರ್ಶನದ ಪ್ರಾಚೀನ ಶಾಸ್ತ್ರಕಾರ ಪ್ರಶಸ್ತಪಾದ, ಋಷಿಗಳಿಗಿರುವ ಇಂಥ ತಿಳಿವು ಕೆಲವೊಮ್ಮೆ ಸಾಮಾನ್ಯರಿಗೂ ಉಂಟಾಗುತ್ತದೆಂದು ಹೇಳಿ ಹುಡುಗಿಯೊಬ್ಬಳ ಮಾತನ್ನು ಉದಾಹರಿಸುತ್ತಾನೆ. ನಾಳೆ ನನ್ನ ಅಣ್ಣ ಬರುತ್ತಾನೆ, ಹಾಗೆಂದು ನನ್ನ ಹೃದಯ ಹೇಳುತ್ತಿದೆ ಎನ್ನುತ್ತಾಳೆ ಅವಳು. ಆ ಹುಡುಗಿ ಕನ್ನಡದವಳಾಗಿದ್ದರೆ ಏನೆನ್ನುತ್ತಿದ್ದಳು ಎಂದು ಯೋಚಿಸುತ್ತಿದ್ದಾಗಲೇ ನನಗೆ ಬೇಕಾದದ್ದು ಸಿಕ್ಕಿತು: ‘ಯಾಕೋ ನಾಳೆ ಅಣ್ಣ ಬರ್ತಾನೆ ಅನ್ನಿಸ್ತಿದೆ.’ ಇಂಗ್ಲಿಷಿನವನು ಗುಮಾನಿಯನ್ನು ‘ಇಟ್ಟುಕೊಂಡಿರುತ್ತಾನೆ’; ನಮಗೆ ಅದು ತಾನಾಗಿ ಅನಿಸುತ್ತದೆ, ಆ ವಾಕ್ಯದಲ್ಲಿ ನಾವು ‘ನಾನು’ ಅಲ್ಲ, ಬರಿಯ ‘ನನಗೆ’. ಕಾರಣ ಗೊತ್ತಿಲ್ಲವೆಂಬ ಭಾವವನ್ನೆಲ್ಲ ‘ಯಾಕೋ’ ಎಂಬ ಎರಡಕ್ಷರ ಹೊತ್ತುಕೊಂಡಿದೆ. ಯಾವ ನಾಮಪದದ ಬಾಗಿಲಲ್ಲಿ ನಾನು ತಿಂಗಳುಗಟ್ಟಲೆ ನಿಂತಿದ್ದೆನೋ, ಅದರ ಕೆಲಸವನ್ನು ಈ ಅವ್ಯಯವೊಂದು ಸದ್ದಿಲ್ಲದೆ ಮಾಡುತ್ತಿತ್ತು.

ತಿದ್ದಿದ ಹಸ್ತಪ್ರತಿಯಲ್ಲಿ ಅಧಿಕಾರಿ ಗೋಡೆಯ ಹಿಂದೆ ‘ಮೈ ಕುಗ್ಗಿಸಿ ಹೊಂಚುಹಾಕಿದ್ದ’, ಮತ್ತು ಅವನಿಗೆ ‘ಯಾಕೋ ಆ ಮಾಲಿಯೇ ಇರಬೇಕು ಅನ್ನಿಸಿತು’. ಸಂಪಾದಕರು ಈ ಸಲ ಆ ಎರಡು ಸಾಲುಗಳ ಪಕ್ಕದಲ್ಲಿ ಏನನ್ನೂ ಬರೆಯಲಿಲ್ಲ. ಮುಂದಿನ ಪುಟದಲ್ಲಿ, ಕಳ್ಳ ಠಾಣೆಯ ಬೆಂಚಿನ ಮೇಲೆ ‘ಸ್ಲೌಚ್’ ಮಾಡಿದ್ದಲ್ಲಿ ನಾನು ಹಾಕಿದ್ದ ‘ಜೋಲುಬಿದ್ದು ಕೂತಿದ್ದ’ ಎಂಬುದರ ಕೆಳಗೆ ಮಾತ್ರ ಪೆನ್ಸಿಲಿನ ಗೆರೆಯೊಂದು ಇತ್ತು.