ಹತ್ತರಕಿ ಪಚಡಿ: ಕೆಡುವುದು ತೊಳೆಯುವಾಗಲೇ

ಹತ್ತರಕಿ ಸೊಪ್ಪು ಹಸಿಯಾಗಿ ತಿಂದರೆ ಹಲ್ಲಿಗೆ ಮಣ್ಣು ಸಿಗುತ್ತದೆ ಎಂದು ದೂರುವವರು ಬಹಳ. ತಪ್ಪು ಸೊಪ್ಪಿನದಲ್ಲ, ತೊಳೆದವರದು.

ಆರಿಸುವುದು: ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ, ಹಿಂಗಾರಿ ಜೋಳ, ಕಡಲೆಯ ಸಾಲುಗಳ ನಡುವೆ ಇದು ತಾನೇ ಹುಟ್ಟುತ್ತದೆ. ಎಲೆಗಳು ನೆಲಕ್ಕಂಟಿ ಸುತ್ತಲೂ ಹರಡಿರುತ್ತವೆ, ಅಂಚು ಕಚ್ಚುಕಚ್ಚು, ಮುರಿದರೆ ಬಿಳಿ ಹಾಲು. ದಂಟು ಎದ್ದು ಹಳದಿ ಹೂ ಬಿಟ್ಟಿದ್ದರೆ ಕೀಳಬೇಡಿ, ಎಲೆ ಕಹಿ. ಎಳೆ ಕಾಂಗ್ರೆಸ್ ಕಸವೂ ಹೀಗೇ ನೆಲಕ್ಕೆ ಒತ್ತಿಕೊಂಡಿರುತ್ತದೆ. ಆದರೆ ಅದರ ಎಲೆಗೆ ಸಣ್ಣ ರೋಮ, ಹಾಲಂತೂ ಬಾರದು. ಹಾಗಂತ ಹಾಲು ಬಂದದ್ದೆಲ್ಲ ಹತ್ತರಕಿಯಲ್ಲ, ಕಳ್ಳಿ ಜಾತಿಯ ಕಳೆಗಳಲ್ಲೂ ಹಾಲಿದೆ, ಅದು ವಿಷ. ಮೊದಲ ಸಲ ಬಲ್ಲವರ ಜೊತೆಗೇ ಹೋಗಿ. ಕಳೆನಾಶಕ ಹೊಡೆದ ಬದುವಿಗೆ ಕೈ ಹಾಕಲೇಬೇಡಿ.

ತೊಳೆಯುವುದು: ಬುಡ ಕೊಯ್ದು ಎಲೆಗಳನ್ನು ಬಿಡಿಬಿಡಿಯಾಗಿಸಿ. ಕಂತೆಯನ್ನೇ ನಲ್ಲಿಯ ಕೆಳಗೆ ಹಿಡಿದರೆ ಎರೆಮಣ್ಣು ಜಪ್ಪಯ್ಯ ಅನ್ನುವುದಿಲ್ಲ. ಅಗಲ ಬೋಗುಣಿಯ ತುಂಬ ನೀರಲ್ಲಿ ಮುಳುಗಿಸಿ, ತುಸು ಹೊತ್ತು ಬಿಟ್ಟು, ಎಲೆಯ ಹಿಂಬದಿಯ ನಡುನರವನ್ನು ಹೆಬ್ಬೆರಳಿಂದ ಸವರಿ. ಆಮೇಲೆ ಸೊಪ್ಪನ್ನು ಮೇಲಿಂದ ಎತ್ತಿ ತೆಗೆಯಬೇಕು. ಬೋಗುಣಿಯನ್ನೇ ಜರಡಿಗೆ ಬಗ್ಗಿಸಿದಿರೋ, ತಳಕ್ಕಿಳಿದ ಮಣ್ಣೆಲ್ಲ ಮತ್ತೆ ಸೊಪ್ಪಿನ ತಲೆಗೆ! ನೀರು ಚೆಲ್ಲಿ, ತಳಕ್ಕೆ ಬೆರಳಾಡಿಸಿ ನೋಡಿ. ಗರಗರ ಅಂದರೆ ಇನ್ನೊಂದು ನೀರು. ಹಿಂಡಬೇಡಿ, ಎಲೆ ಜಜ್ಜಿಹೋಗುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿಸಿ, ಒದ್ದೆ ಉಳಿದರೆ ಚಟ್ನಿಪುಡಿ ಮುದ್ದೆಗಟ್ಟುತ್ತದೆ. ತರಕಾರಿ ತೊಳೆಯುವ ದ್ರವಗಳಿಗೆ ದುಡ್ಡು ದಂಡ.

ಕಲಸುವುದು: ಹೆಚ್ಚಿದ ಸೊಪ್ಪು, ಉಳ್ಳಾಗಡ್ಡಿ, ಶೇಂಗಾ ಚಟ್ನಿಪುಡಿ, ಗುರೆಳ್ಳು (ಹುಚ್ಚೆಳ್ಳು) ಪುಡಿ, ಮೇಲೊಂದಿಷ್ಟು ಹಸಿ ಕುಸುಬಿ ಎಣ್ಣೆ. ಹತ್ತರಕಿ, ಗುರೆಳ್ಳು, ಕುಸುಬಿ ಮೂರೂ ಸೂರ್ಯಕಾಂತಿಯ ಕುಟುಂಬದವೇ, ಒಂದೇ ತಟ್ಟೆಯಲ್ಲಿ ಒಡಹುಟ್ಟಿದವರ ಜಾತ್ರೆ. ಪೊಟ್ಟಣದ ಶೇಂಗಾ ಪುಡಿ ಬೇಡ, ಸಿಹಿ ಹೊಡೆಯುತ್ತದೆ, ಮನೆಯಲ್ಲೇ ಕುಟ್ಟಿಕೊಳ್ಳಿ. ಉಪ್ಪು ಮಾತ್ರ ರೊಟ್ಟಿ ತಟ್ಟೆಗೆ ಬಿದ್ದ ಮೇಲೆ, ಮೊದಲೇ ಹಾಕಿದರೆ ನೀರೊಡೆಯುತ್ತದೆ. ಮೊಸರು ಬೇಕಾದವರು ಪಕ್ಕಕ್ಕೆ ಬಡಿಸಿಕೊಳ್ಳಲಿ, ಕಲಸುವುದು ನನಗೆ ಸೇರದು.

ಹೆಚ್ಚದೆ ಉಳಿದ ಸೊಪ್ಪನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮರುದಿನ ತೊಗರಿಬೇಳೆಯ ಪಲ್ಯಕ್ಕೆ ಹಾಕಿ.