ಗೇರುಬೀಜದ ಫ್ಯಾಕ್ಟರಿಗೆ ಮಷಿನ್ ತರುವ ಮೊದಲು

ಕುಮಟಾದ ನಮ್ಮ ಸಣ್ಣ ಗೇರುಬೀಜ ಫ್ಯಾಕ್ಟರಿಗೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಮಷಿನ್, ಕಲರ್ ಸಾರ್ಟರ್ ತಂದು 2 ಮಳೆಗಾಲ ಆಯ್ತು. ನೀವೂ ತರುವವರಾದರೆ ಮೊದಲು ಒಂದು ತಿಂಗಳು ಪಟ್ಟಿ ಬರೆಯಿರಿ: ಒಡೆಯುವಲ್ಲಿ ಎಷ್ಟು ತುಂಡಾಯ್ತು, ಬೋರ್ಮಾದಲ್ಲಿ (ಬೀಜ ಒಣಗಿಸುವ ಬಿಸಿಗೂಡಿನಲ್ಲಿ) ಎಷ್ಟು ಸೀದುಹೋಯ್ತು. ನಮ್ಮ ನಷ್ಟ ಬೋರ್ಮಾದಲ್ಲೇ ಇತ್ತು. ಹಾಗಾಗಿ ಮೊದಲ ದುಡ್ಡು ಟೆಂಪರೇಚರ್ ಸೆನ್ಸರಿಗೆ. ಮೇಲಿನ ಟ್ರೇಗೊಂದು, ಕೆಳಗಿನದಕ್ಕೊಂದು. ನಾವಿಟ್ಟ 70 ಡಿಗ್ರಿ ದಾಟಿದರೆ ಮೊಬೈಲು ಕೂಗುತ್ತದೆ. (ರಾತ್ರಿ ಎದ್ದು ಓಡುವ ಕೆಲಸ ಮಾತ್ರ ಇನ್ನೂ ನನ್ನದೇ.)

ಸಾರ್ಟರಿನ ಕ್ಯಾಮೆರಾ ಬಣ್ಣಗೆಟ್ಟ ಬೀಜ ಗುರುತಿಸುತ್ತದೆ, ಗಾಳಿಯ ಹೊಡೆತ ಅದನ್ನು ಬದಿಗೆ ಹಾರಿಸುತ್ತದೆ. ಮಾರಿದವರು ಹೇಳದೇ ಬಿಟ್ಟದ್ದು: ಕಂಪ್ರೆಸರ್ ಗಾಳಿ ಒಣಗಿರಬೇಕು. ಆಷಾಢದಲ್ಲಿ ನಮ್ಮ ಪೈಪಿನೊಳಗೆ ನೀರು ಕೂತು, ಗಾಳಿ ಹೊಡೆಯುವ ವಾಲ್ವ್‌ಗಳು ಅಂಟಿಕೊಂಡವು. ಕಪ್ಪು ಬೀಜವೆಲ್ಲ ಬಿಳಿ ಬೀಜದ ಡಬ್ಬಕ್ಕೇ ಬಿತ್ತು. ಏರ್ ಡ್ರೈಯರನ್ನು ಮೊದಲ ದಿನವೇ ಹಾಕಿಸಿ, ಕಂಪ್ರೆಸರ್ ಟ್ಯಾಂಕಿನಲ್ಲಿ ಕೂತ ನೀರು ದಿನಾ ಹೊರಗೆ ಬಿಡಿ. ಕರೆಂಟಿನ ಏರಿಳಿತಕ್ಕೆ ಸ್ಟೆಬಿಲೈಸರ್, ಅದು ಗೊತ್ತಿದ್ದದ್ದೇ.

ಮಷಿನ್ನಿಗೆ ಬಣ್ಣ ಕಲಿಸುವಾಗ ಎಂಜಿನಿಯರ್ ಪಕ್ಕ ನಾನು ಕೂರಲಿಲ್ಲ, 20 ವರ್ಷ ಬೀಜ ಆರಿಸಿದ ಅಕ್ಕನನ್ನು ಕೂರಿಸಿದೆ. 'ತಮ್ಮಾ, ಇದು ಸೀದದ್ದಲ್ಲ, ಸಿಪ್ಪೆ ಉಳಿದದ್ದು. ಮತ್ತೆ ಸುಲಿದರಾಯ್ತು' ಅಂದರು. ಅಂಥದ್ದಕ್ಕೆ ಈಗ ಬೇರೆ ಸೆಟ್ಟಿಂಗೇ ಇದೆ.