ಮನಸ್ಸು ಕಲಕುವ ಪುಸ್ತಕವನ್ನು ಗಿರಾಕಿ ಕೈಗೆ ಕೊಡುವ ಮುನ್ನ

ಹಾಸನದ ಪುಸ್ತಕದಂಗಡಿಗಳಿಗೆ ಬಂದು "ಸ್ವಲ್ಪ ಡಾರ್ಕ್ ಆಗಿರೋದು ಯಾವ್ದಾದ್ರೂ ಕೊಡಿ ಸಾರ್" ಎಂದು ಕೇಳುವವರು ಇದ್ದಾರೆ. ತಕ್ಷಣ ಕಪಾಟಿಗೆ ಕೈ ಹಾಕಬೇಡಿ. ಒಬ್ಬರಿಗೆ ಬೇಕಿರುವುದು ಕೊಲೆ, ನಿಗೂಢ. ಇನ್ನೊಬ್ಬರಿಗೆ ಮನೆಯೊಳಗಿನ ಕ್ರೌರ್ಯ. ಮತ್ತೊಬ್ಬರಿಗೆ ಜಾತಿಯ ಹಿಂಸೆಯನ್ನು ಮುಚ್ಚಿಡದೆ ಬರೆದದ್ದು. "ಈಚೆಗೆ ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು, ಯಾಕೆ ಬಿಟ್ಟಿರಿ?" ಎಂದು ಕೇಳಿ. ಮೆಚ್ಚಿದ ಪುಸ್ತಕದ ಹೆಸರಿಗಿಂತ ಈ ಉತ್ತರ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಪ್ಪೆ ಎನಿಸಿ ಬಿಟ್ಟವರಿಗೆ ಇನ್ನೂ ಬಿಗಿಯಾದದ್ದು ಕೊಡಬಹುದು. ತಡೆದುಕೊಳ್ಳಲಾಗದೆ ಬಿಟ್ಟವರಿಗೆ ಚಿಕ್ಕದು ಕೊಡಬೇಕು.

ಮೊದಲ ಸಲಕ್ಕೆ ಸಣ್ಣಕಥೆಯೇ ಸರಿ. ಒಂದು ಕಥೆ ಓದಿ ಪುಸ್ತಕ ಮುಚ್ಚಿ, ಎರಡು ದಿನ ಬಿಟ್ಟು ಮತ್ತೆ ತೆರೆಯಬಹುದು. ನಾನೂರು ಪುಟದ ಕಾದಂಬರಿಯಲ್ಲಿ ಆ ಬಿಡುವು ಸಿಗುವುದಿಲ್ಲ.

ಈ ಊರಿನಲ್ಲಿ ಆರಂಭಕ್ಕೆ ಹಾಸನದವರೇ ಆದ ಕಥೆಗಾರ್ತಿ ಬಾನು ಮುಷ್ತಾಕ್ ಅವರಿಗಿಂತ ಹತ್ತಿರದವರಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ, ಅವರ ಕಥೆಗಳ ಇಂಗ್ಲಿಷ್ ಸಂಕಲನ 'ಹಾರ್ಟ್ ಲ್ಯಾಂಪ್' ಕೇಳಿಕೊಂಡು ಬಂದವರು ಕನ್ನಡ ಓದಬಲ್ಲವರಾದರೆ ಮೂಲವನ್ನೇ ಕೊಡಿ. ಇಲ್ಲಿ ಒಂದು ಎಚ್ಚರ ಬೇಕು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಆ 12 ಕಥೆಗಳು ಮೂವತ್ತಕ್ಕೂ ಹೆಚ್ಚು ವರ್ಷಗಳ ಬರವಣಿಗೆಯಿಂದ ಆರಿಸಿದವು. ಬೇರೆ ಬೇರೆ ಕನ್ನಡ ಸಂಕಲನಗಳಲ್ಲಿ ಅವು ಚದುರಿಕೊಂಡಿವೆ. ಮುಖಪುಟ ನೋಡಿ ಕೊಟ್ಟರೆ ಗಿರಾಕಿ ಹುಡುಕುವ ಕಥೆ ಒಳಗೆ ಇಲ್ಲದೆ ಹೋಗಬಹುದು. ಪರಿವಿಡಿ ತೆಗೆದು ತೋರಿಸಿ. 'ಎದೆಯ ಹಣತೆ' ಕಥೆಯಲ್ಲಿ ಗಂಡನಿಂದ ತಿರಸ್ಕೃತಳಾಗಿ ತವರಿಗೆ ಬಂದವಳನ್ನು ಅಣ್ಣತಮ್ಮಂದಿರೇ ವಾಪಸು ಬಿಟ್ಟು ಬರುತ್ತಾರೆ. ಮುಂದೆ ಸೀಮೆಎಣ್ಣೆಯ ಪ್ರಸಂಗವಿದೆ. ಆತ್ಮಹತ್ಯೆಯ ಯತ್ನ ಬರುತ್ತದೆ ಎಂಬುದನ್ನು ದುಡ್ಡು ತೆಗೆದುಕೊಳ್ಳುವ ಮೊದಲೇ ಹೇಳಿಬಿಡಿ. ಹೇಳಿದ್ದರಿಂದ ಕಥೆಯ ಬಿಗಿ ಸಡಿಲವಾಗುವುದಿಲ್ಲ. ಹೇಳದಿದ್ದರೆ, ಮನೆಯಲ್ಲಿ ಅಂಥದ್ದನ್ನು ಕಂಡವರ ಕೈಗೆ ಅದು ಹಾಗೇ ಹೋಗಿಬಿಡುತ್ತದೆ.

ರಕ್ತ ಬೇಡ, ಮೆಲ್ಲಗೆ ಉಸಿರುಗಟ್ಟಿಸುವಂಥದ್ದು ಬೇಕು ಎನ್ನುವವರಿಗೆ ವಿವೇಕ ಶಾನಭಾಗರ 'ಘಾಚರ್ ಘೋಚರ್'. ಹೊಸದಾಗಿ ದುಡ್ಡು ಕಂಡ ಕುಟುಂಬವೊಂದರ ಈ ಕಥೆಯಲ್ಲಿ ಬರುವ, ಇರುವೆ ಹೊಸಕುವ ವಿವರವನ್ನು ಓದಿದವರು ಬೇಗ ಮರೆಯಲಾರರು. ಕೊನೆ ಬಿಡಿಸಿ ಹೇಳಿಲ್ಲ ಎಂದು ಮೊದಲೇ ತಿಳಿಸಿ, ಇಲ್ಲದಿದ್ದರೆ ಪುಟ ಹರಿದಿದೆ ಎಂದು ವಾಪಸು ತಂದಾರು.

ದೇವನೂರ ಮಹಾದೇವರ ಕಾದಂಬರಿ 'ಕುಸುಮಬಾಲೆ' ತೆಳ್ಳಗಿದೆ ಎಂದು ಮೊದಲಿಗೇ ಕೊಡಬೇಡಿ. ನಮ್ಮ ಕಡೆಯವರಿಗೆ ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗೆ ತೊಡರುತ್ತದೆ, ಹತ್ತನೇ ಪುಟಕ್ಕೆ ಸೋತುಬಿಡುತ್ತಾರೆ. ಮೊದಲ ಎರಡು ಪುಟ ಗಟ್ಟಿಯಾಗಿ ಓದಿಕೊಳ್ಳಲು ಹೇಳಿ. ಕಿವಿಗೆ ಬಿದ್ದ ಮೇಲೆ ದಾರಿ ಸಲೀಸು.

ಕವಿತೆ ಮಾರುವ ಬಗೆ ಬೇರೆ. ಸಂಕಲನವನ್ನು ಬರೀ ಹೊಗಳಿದರೆ ಯಾರೂ ಕೊಳ್ಳುವುದಿಲ್ಲ. ಎನ್.ಕೆ. ಹನುಮಂತಯ್ಯ ಅವರ 'ಚಿತ್ರದ ಬೆನ್ನು' ಇದ್ದರೆ, ಒಂದೇ ಪುಟದಲ್ಲಿ ಮುಗಿಯುವ ಕವಿತೆ ಆರಿಸಿ, ತೆರೆದು ಗಿರಾಕಿ ಕೈಗೆ ಕೊಟ್ಟು, ನೀವು ಬೇರೆ ಕೆಲಸ ನೋಡಿಕೊಳ್ಳಿ. ಎದುರಿಗೆ ನಿಂತು ಮುಖ ನೋಡುತ್ತಿದ್ದರೆ ಅವರಿಗೆ ಓದಲಾಗದು. ಕವಿಯ ಬದುಕಿನ ದುಃಖ ಹೇಳಿ ಮಾರಬೇಡಿ, ಅದು ಕವಿತೆಗೂ ಅನ್ಯಾಯ.

ಉಡುಗೊರೆಗೆ ಕೇಳಿದರೆ ಯಾರಿಗೆಂದು ವಿಚಾರಿಸಿ. ಈಚೆಗೆ ಸಾವಾದ ಮನೆಗೆ ಇವು ಯಾವುವೂ ಬೇಡ. ಇನ್ನು, ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಗೆ ಹೋಗುವ ಪುಸ್ತಕವನ್ನು ದಾರಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಡಿ. ಮನೆ ಮುಟ್ಟಿದ ಕೂಡಲೇ ಬಿಚ್ಚಿ, ಗೋಡೆಗೆ ತಾಗದಂತೆ ನಿಲ್ಲಿಸಿಡಲು ಹೇಳಿ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ.